ಅಪೀಲಿಗೆ ಕೋರ್ಟು ಕೊಡುವ ವಕೀಲರನ್ನು ಏನೆಂದು ಕರೆಯೋಣ?

ಎಲ್ಲರಿಗೂ ನಮಸ್ಕಾರ.

ಜೈಲಿನಲ್ಲಿರುವವರ ಮನೆಯವರಿಗೆಂದು ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಕೆಳಗಿನ ಕೋರ್ಟಿನಲ್ಲಿ ಶಿಕ್ಷೆಯಾಗಿದೆ, ಹೈಕೋರ್ಟಿಗೆ ಅಪೀಲು ಹಾಕಬೇಕು, ಕೈಯಲ್ಲಿ ದುಡ್ಡಿಲ್ಲ. ಆಗ ಹೈಕೋರ್ಟಿನ ಕಾನೂನು ಸೇವಾ ಸಮಿತಿ ತನ್ನ ಪಟ್ಟಿಯಲ್ಲಿರುವ ಒಬ್ಬ ವಕೀಲರಿಗೆ ಕೇಸು ಒಪ್ಪಿಸುತ್ತದೆ. ಅವರು ಸ್ವಂತ ಆಫೀಸು ಇಟ್ಟುಕೊಂಡು ಪ್ರಾಕ್ಟೀಸು ಮಾಡುವವರೇ. ಫೀಸು ಮಾತ್ರ ಸಮಿತಿಯದು. ಇವರಿಗೆ ಕನ್ನಡದಲ್ಲಿ ಯಾವ ಹೆಸರು ಸರಿ?

ಜನ 'ಸರ್ಕಾರಿ ವಕೀಲರು' ಅಂದುಬಿಡುತ್ತಾರೆ. ನನಗೆ ಜಾಸ್ತಿ ಚಿಂತೆ ಇದರದ್ದೇ. ಕೋರ್ಟಿನ ಮಟ್ಟಿಗೆ ಸರ್ಕಾರಿ ವಕೀಲರು ಅಂದರೆ ಶಿಕ್ಷೆ ಉಳಿಯಲಿ ಎಂದು ವಾದಿಸುವವರು. "ನಿಮ್ಮ ಮಗನಿಗೆ ಸರ್ಕಾರಿ ವಕೀಲರನ್ನು ಕೊಟ್ಟಿದ್ದಾರಮ್ಮ" ಅಂದರೆ ಆ ತಾಯಿ ಏನೆಂದುಕೊಳ್ಳಬೇಕು? ವಕಾಲತ್ತಿಗೆ ಸಹಿ ಹಾಕಬೇಡ ಎಂದು ಮಗನಿಗೆ ಹೇಳಿದರೂ ಹೇಳಿಯಾಳು.

'ಉಚಿತ ವಕೀಲರು' ಅಂದರೆ, ಪುಕ್ಕಟೆ ಬಂದವರು ಮನಸ್ಸಿಟ್ಟು ವಾದಿಸುತ್ತಾರಾ ಎಂಬ ಅನುಮಾನ. 'ಬಡವರ ವಕೀಲರು' ಅನ್ನಲೂ ಆಗದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಜೈಲಿನಲ್ಲಿರುವವರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಈ ನೆರವು ಪಡೆಯಲು ಆದಾಯದ ಮಿತಿಯೇ ಇಲ್ಲ.

ಇನ್ನು 'ಅಮಿಕಸ್ ಕ್ಯೂರಿ', ಅಂದರೆ ಕೇಸಿನಲ್ಲಿ ತನಗೆ ನೆರವಾಗಲಿ ಎಂದು ಕೋರ್ಟೇ ಕರೆಸುವ ವಕೀಲರು. ಇದನ್ನು 'ನ್ಯಾಯಾಲಯದ ಮಿತ್ರ' ಎಂದು ಬರೆಯುವುದುಂಟು. ಕೆರೆ, ಕಾಡಿನ ಸಾರ್ವಜನಿಕ ಹಿತಾಸಕ್ತಿ ಕೇಸಿಗೆ ಅದು ಒಪ್ಪುತ್ತದೆ. ಅಲ್ಲಿ ಅವರು ಯಾರ ಪರವೂ ಅಲ್ಲ. ಆದರೆ ಅಪೀಲಿನ ದಿನ ಕೈದಿಯ ವಕೀಲರು ಬರಲೇ ಇಲ್ಲ, ಕೋರ್ಟು ಒಬ್ಬ ಅಮಿಕಸ್ ಅನ್ನು ನೇಮಿಸಿತು ಅನ್ನಿ. ಅವರು ಕೈದಿಯ ಪರವಾಗಿಯೇ ವಾದಿಸಬೇಕು. 2019ರ ಅನೋಖಿಲಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇವರ ಬಗ್ಗೆಯೇ ಹೇಳಿದೆ: ಜೀವಾವಧಿ ಅಥವಾ ಗಲ್ಲು ಶಿಕ್ಷೆಯ ಸಾಧ್ಯತೆ ಇದ್ದರೆ ಕನಿಷ್ಠ 10 ವರ್ಷ ವಕೀಲಿ ಮಾಡಿದವರೇ ಬೇಕು, ತಯಾರಿಗೆ ಸಾಮಾನ್ಯವಾಗಿ 7 ದಿನಕ್ಕೆ ಕಮ್ಮಿ ಇಲ್ಲದಷ್ಟು ಸಮಯ ಕೊಡಬೇಕು, ಆರೋಪಿಯನ್ನು ಭೇಟಿಯಾಗಿ ಮಾತಾಡಲು ಬಿಡಬೇಕು. ಇಂಥವರನ್ನು ಕೋರ್ಟಿನ ಮಿತ್ರ ಅಂದರೆ ಓದುವವರಿಗೆ ದಾರಿ ತಪ್ಪುತ್ತದೆ ಅಲ್ವಾ?

'ಕಾನೂನು ನೆರವಿನ ವಕೀಲರು' ತಪ್ಪಿಲ್ಲದ ಹೆಸರು. ಆದರೆ ಮಾತಿನಲ್ಲಿ ಬರುವುದು ಕಮ್ಮಿ.

ಕ್ರಿಯಾಪದವನ್ನೂ ನೋಡಿ. ನಾವೇ ಫೀಸು ಕೊಟ್ಟರೆ 'ವಕೀಲರನ್ನು ಇಟ್ಟಿದ್ದೇವೆ' ಅನ್ನುತ್ತೇವೆ. ಇಲ್ಲಿ 'ಇಡು' ಹೊಂದುವುದಿಲ್ಲ, 'ನೇಮಿಸು' ನೌಕರಿಯ ಮಾತು. 'ಕೋರ್ಟು ಕೊಟ್ಟ ವಕೀಲರು' ಸುಲಭ. ಆದರೆ ಕೊಟ್ಟವರನ್ನು ಬೇಡ ಅನ್ನುವ ಹಾಗಿಲ್ಲ ಎಂದು ಯಾರೂ ತಿಳಿಯಬಾರದು. 1978ರ ಹೊಸ್ಕೋಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಬಡ ಕೈದಿಯ ಅಪೀಲಿಗೆ ಸಮರ್ಥ ವಕೀಲರನ್ನು ಕೊಡಬೇಕು, ಆದರೆ ಕೈದಿ ಬೇಡ ಅಂದ ವಕೀಲರನ್ನು ಕೊಡಬಾರದು ಎಂದಿದ್ದರು.

ಸದ್ಯಕ್ಕೆ 'ಕೋರ್ಟಿನ ಕಡೆಯಿಂದ ಸಿಗುವ ನಿಮ್ಮ ವಕೀಲರು' ಎಂದು ಬರೆದಿದ್ದೇನೆ. ಉದ್ದವಾಯಿತು, ಆದರೂ 'ನಿಮ್ಮ' ಬಿಡಲು ಮನಸ್ಸಿಲ್ಲ. ಧಾರವಾಡ, ಕಲಬುರಗಿ ಪೀಠಗಳ ಕಡೆ ಗುಮಾಸ್ತರು, ಕಕ್ಷಿದಾರರು ಇವರನ್ನು ಏನೆಂದು ಕರೆಯುತ್ತಾರೆ? ಕೇಳಿ ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಅಚ್ಚಿಗೆ ಕೊಡುವ ಮೊದಲು ತಿದ್ದಿಕೊಳ್ಳುತ್ತೇನೆ.