ಮಿಷನ್ ಆಸ್ಪತ್ರೆಗೆ ಸೇರಲಾ? ಕೆಲಸ ಮಾಡಿದವರು ಅನುಭವ ಹೇಳಿ

ಹೊಸ ಎಂಡಿ, ಮೈಸೂರು:
ಎಂಡಿ ಮೆಡಿಸಿನ್ ಮುಗಿಯಿತು. ಕಾಡಂಚಿನ ತಾಲ್ಲೂಕೊಂದರಲ್ಲಿ ಕನ್ಯಾಸ್ತ್ರೀಯರು ನಡೆಸುವ ಐವತ್ತು ಹಾಸಿಗೆಯ ಆಸ್ಪತ್ರೆಯವರು ಕರೆದಿದ್ದಾರೆ. ಸಂಬಳ 70 ಸಾವಿರ, ಜೊತೆಗೆ ಕ್ವಾರ್ಟರ್ಸ್. ಮೈಸೂರಲ್ಲಿ ಇದರ ಎರಡು ಪಟ್ಟು ಸಿಗುತ್ತದೆ. ಅಲ್ಲಿಗೆ ಬರುವವರು ಹೆಚ್ಚಾಗಿ ಆದಿವಾಸಿಗಳು, ಕೂಲಿಯವರು. ನನಗಂತೂ ಹೋಗುವ ಮನಸ್ಸಿದೆ. ನಾಲ್ಕು ವರ್ಷದ ಮಗಳಿದ್ದಾಳೆ. ನಾವು ಕ್ರೈಸ್ತರಲ್ಲ. ಇಂಥ ಕಡೆ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಮಲೆನಾಡು ಫಿಸಿಶಿಯನ್:
ಕಣ್ಣು ಮುಚ್ಚಿ ಹೋಗಿ ಮೇಡಂ. ನಾನು ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವನು. ಎರಡು ವರ್ಷದ ಗ್ರಾಮೀಣ ಬಾಂಡ್ ಮುಗಿಸೋಕೆ ಅಂತ ಬಂದವನು ಮಲೆನಾಡಿನಲ್ಲೇ ಉಳಿದೆ. ಇಲ್ಲಿ ಕಲಿತದ್ದು ಯಾವ ಕಾರ್ಪೊರೇಟ್ ಐಸಿಯುನಲ್ಲೂ ಸಿಗುತ್ತಿರಲಿಲ್ಲ.

ಹಾವಿನ ಕೇಸನ್ನೇ ತೆಗೆದುಕೊಳ್ಳಿ. ನಮ್ಮ ಲ್ಯಾಬಿನಲ್ಲಿ ರಾತ್ರಿ ಹೊತ್ತು ಯಾರೂ ಇರುವುದಿಲ್ಲ. 2 ಎಂಎಲ್ ರಕ್ತವನ್ನು ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತೇವೆ. ಆಮೇಲೆ ಒಂದೇ ಸಲ ಬಾಗಿಸಿ ನೋಡಬೇಕು. ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ ಅಂತ ಅರ್ಥ, ಆಂಟಿವೆನಮ್ (ಹಾವಿನ ವಿಷಕ್ಕೆ ಪ್ರತಿ ಔಷಧಿ) ಶುರು. ಟ್ಯೂಬು ಗಾಜಿನದ್ದೇ ಆಗಬೇಕು, ಪೂರ್ತಿ ಒಣಗಿರಬೇಕು. ಸೋಪು ಹಾಕಿ ತೊಳೆದಿದ್ದರೆ ಚೆನ್ನಾಗಿರುವ ರಕ್ತವೂ ಹೆಪ್ಪುಗಟ್ಟುವುದಿಲ್ಲ. ಹೊಸ ಹುಡುಗರು ಪ್ಲಾಸ್ಟಿಕ್ ಟ್ಯೂಬು ತರುತ್ತಾರೆ, ಅವರಿಗೆ ಹೇಳಿ ಹೇಳಿ ಸಾಕಾಗಿದೆ.

ಮೊದಲ ಡೋಸಿಗೇ ಹತ್ತು ವಯಲ್. ನಮಗೆ ವಯಲ್‌ಗೆ 600 ರೂಪಾಯಿ ಮೇಲೆ ಬೀಳುತ್ತದೆ. ಆರು ಗಂಟೆ ಬಿಟ್ಟು ಮತ್ತೆ ಟೆಸ್ಟು, ರಕ್ತ ಇನ್ನೂ ಹರಿದರೆ ಇನ್ನಷ್ಟು ವಯಲ್. ಹೋದ ಮಳೆಗಾಲ ಕೊಳಕುಮಂಡಲ ಕಚ್ಚಿದ ತೋಟದ ಕೂಲಿಯವರೊಬ್ಬರಿಗೆ ಒಟ್ಟು ಬಿಲ್ 23 ಸಾವಿರ ದಾಟಿತು. ಮನೆಯವರ ಕೈಲಿ ಇದ್ದದ್ದು 1,500. ಉಳಿದದ್ದನ್ನು ಬಡ ರೋಗಿಗಳ ನಿಧಿಯಿಂದ ಹೊಂದಿಸಿದೆವು. ಅವರು ನಡೆದುಕೊಂಡೇ ಮನೆಗೆ ಹೋದರು. ಇನ್ನು ಗುಳಿಮಂಡಲ ಕಚ್ಚಿದರೆ ಈ ಔಷಧಿಯಿಂದ ಪ್ರಯೋಜನವೇ ಇಲ್ಲ. ಇದನ್ನು ತಯಾರಿಸೋದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಕ್ಕೆ ಮಾತ್ರ. 2024ರಲ್ಲಿ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂದ ಮೇಲೆ ನಮ್ಮ ಕೇಸುಗಳು ಲೆಕ್ಕಕ್ಕಾದರೂ ಸೇರುತ್ತಿವೆ.

ಬಿಟ್ಟು ಬಂದ ಒಬಿಜಿ:
ಸರ್, ನಿಮ್ಮ ಸೇವೆಗೆ ನಮಸ್ಕಾರ. ಆದರೆ ‘ಕಣ್ಣು ಮುಚ್ಚಿ ಹೋಗಿ’ ಅನ್ನಬೇಡಿ. ನಾನು ಕಣ್ಣು ಮುಚ್ಚಿಕೊಂಡೇ ಹೋಗಿದ್ದೆ.

ಉತ್ತರ ಕರ್ನಾಟಕದ ಒಂದು ಮಿಷನ್ ಆಸ್ಪತ್ರೆ. ಹೆರಿಗೆ ವಿಭಾಗಕ್ಕೆಲ್ಲ ಒಬಿಜಿ, ಅಂದರೆ ಹೆರಿಗೆ ಮತ್ತು ಸ್ತ್ರೀರೋಗದ ಡಾಕ್ಟರು, ನಾನೊಬ್ಬಳೇ. ಅರಿವಳಿಕೆ ಡಾಕ್ಟರು ಪಟ್ಟಣದಿಂದ ಬರಬೇಕು. ಕೇಸಿಗೆ 3,500, ಕಾರಿನ ಬಾಡಿಗೆ ಬೇರೆ. ಹಬ್ಬದ ದಿನ ಫೋನೇ ಎತ್ತುವುದಿಲ್ಲ. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದಿದ್ದರೆ ರಕ್ತ ಜಿಲ್ಲಾ ಕೇಂದ್ರದಿಂದ ಬರಬೇಕು. ಐಸ್ ಪೆಟ್ಟಿಗೆ ಹಿಡಿದುಕೊಂಡು ಬೈಕಲ್ಲಿ ಒಬ್ಬರು ಹೊರಡುತ್ತಾರೆ. ಅಲ್ಲಿವರೆಗೆ ನಾನು ಕೈ ಮುಷ್ಟಿ ಮಾಡಿ ಗರ್ಭಕೋಶ ಒತ್ತಿ ಹಿಡಿದುಕೊಂಡು ನಿಂತಿರಬೇಕು. ಭುಜ ಮರಗಟ್ಟಿ ಹೋಗುತ್ತದೆ ಸರ್. ರಕ್ತ ಶೇಖರಣಾ ಘಟಕದ ಲೈಸೆನ್ಸಿಗೆ ಅರ್ಜಿ ಹಾಕಿದ್ದೆವು. ಫ್ರಿಡ್ಜ್ ಬಂತು, ಟೆಕ್ನಿಷಿಯನ್ ಸಿಗಲಿಲ್ಲ. ಫ್ರಿಡ್ಜಿಗೆ ಕೊಟ್ಟ 1.8 ಲಕ್ಷ ಮೂಲೆ ಸೇರಿತು.

ಇದೆಲ್ಲವನ್ನೂ ಸಹಿಸಿಕೊಂಡೆ. ಸಹಿಸಲಾಗದ್ದು ಆಡಳಿತ. ಸಭೆಯವರು, ಅಂದರೆ ಆಸ್ಪತ್ರೆ ನಡೆಸುವ ಕನ್ಯಾಸ್ತ್ರೀಯರ ಸಂಘದವರು, ಕೆಲವು ವರ್ಷಕ್ಕೊಮ್ಮೆ ಆಡಳಿತ ನೋಡುವ ಸಿಸ್ಟರನ್ನು ವರ್ಗ ಮಾಡುತ್ತಾರೆ. ಹಳಬರು ಒಪ್ಪಿದ್ದು ಹೊಸಬರಿಗೆ ಗೊತ್ತೇ ಇರುವುದಿಲ್ಲ. ಎರಡನೇ ಒಬಿಜಿ ತರುತ್ತೇವೆ ಅಂದಿದ್ದ ಮಾತು ಹಾಗೇ ಹೋಯಿತು. ರಜೆ ಕೇಳಿದರೆ ‘ಇದು ದೇವರ ಕೆಲಸ ಡಾಕ್ಟರ್’ ಅನ್ನುತ್ತಿದ್ದರು.

ಮಲೆನಾಡು ಫಿಸಿಶಿಯನ್:
ಒಂದು ಆಸ್ಪತ್ರೆ ಕೆಟ್ಟದ್ದು ಅಂತ ಎಲ್ಲವನ್ನೂ ಅದೇ ಸಾಲಿಗೆ ಸೇರಿಸಬೇಡಿ. ಬಿಟ್ಟು ಹೋದವರ ಜಾಗದಲ್ಲಿ ನಾವು ಇನ್ನೂ ಇದ್ದೇವೆ.

ಬಿಟ್ಟು ಬಂದ ಒಬಿಜಿ:
ನೀವು ಇದ್ದೀರಿ, ಯಾಕಂದ್ರೆ ಮನೆ, ಮಕ್ಕಳು ಎಲ್ಲವನ್ನೂ ನಿಮ್ಮ ಹೆಂಡತಿ ನೋಡಿಕೊಳ್ಳುತ್ತಾರೆ. ಹೋದ ವರ್ಷ ಇಲ್ಲೇ ಬರೆದಿದ್ದಿರಿ. ನನ್ನ ಮಗ ಡ್ಯೂಟಿ ರೂಮಿನಲ್ಲಿ ಮಲಗಿ ಬೆಳೆದ.

ಟ್ರಸ್ಟ್ ಖಜಾಂಚಿ:
ಇಬ್ಬರೂ ದುಡ್ಡು ಎಲ್ಲಿಂದ ಬರುತ್ತದೆ ಅಂತ ಹೇಳಲೇ ಇಲ್ಲ. ಒಂದು ಮಠದ ಟ್ರಸ್ಟಿನ ಧರ್ಮಾರ್ಥ ಆಸ್ಪತ್ರೆಯ ಲೆಕ್ಕ ನೋಡುತ್ತೇನೆ. ಓಪಿಡಿ ಚೀಟಿಗೆ 20 ರೂಪಾಯಿ, ಹದಿನೈದು ದಿನ ನಡೆಯುತ್ತದೆ. ಈ ದುಡ್ಡಲ್ಲಿ ಜನರೇಟರಿನ ಡೀಸೆಲ್ ಕೂಡ ಬರುವುದಿಲ್ಲ. ಬಯೋಮೆಡಿಕಲ್ ಕಸ ಒಯ್ಯುವವರು ಹಾಸಿಗೆ ಲೆಕ್ಕದಲ್ಲಿ ಬಿಲ್ ಹಾಕುತ್ತಾರೆ. ಹಾಸಿಗೆ ಖಾಲಿ ಇದ್ದರೂ ಕೊಡಬೇಕು. ಖಾಸಗಿ ಆಸ್ಪತ್ರೆಗೆ ಬೇಕಾದ ಕೆಪಿಎಂಇ ನೋಂದಣಿ, ಸ್ಕ್ಯಾನಿಂಗ್ ಮೆಷಿನ್ನಿಗೆ ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆ ಪಿಸಿಪಿಎನ್‌ಡಿಟಿ, ಫೈರ್ ಎನ್‌ಒಸಿ ಎಲ್ಲ ಕಾರ್ಪೊರೇಟಿಗೆ ಹೇಗೋ ನಮಗೂ ಹಾಗೇ.

ಆಯುಷ್ಮಾನ್ ಇದೆಯಲ್ಲ ಅನ್ನುತ್ತಾರೆ. ತುರ್ತು ಕೇಸು ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ನಮ್ಮ ಬಾಗಿಲಿಗೆ ಬಂದ ಅಜ್ಜಿಯನ್ನು ಚೀಟಿಗಾಗಿ ತಾಲ್ಲೂಕು ಆಸ್ಪತ್ರೆಗೆ ಕಳಿಸಬೇಕು. ಅರ್ಧ ಜನ ವಾಪಸ್ ಬರುವುದೇ ಇಲ್ಲ.

ವಿದೇಶಿ ದೇಣಿಗೆ ನಂಬಿಕೊಂಡ ಆಸ್ಪತ್ರೆಯಾದರೆ ಮೊದಲು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿಯ ಸ್ಥಿತಿ ಕೇಳಿ. 2020ರ ತಿದ್ದುಪಡಿ ಆದ ಮೇಲೆ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಗೇ ಬರಬೇಕು. ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವ ಹಾಗಿಲ್ಲ. ಆ ಹಣದಲ್ಲಿ ಆಡಳಿತ ಖರ್ಚಿನ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ಡಾಕ್ಟರ ಸಂಬಳಕ್ಕೇ ಕತ್ತರಿ.

ವಾರ್ಡ್ ಇನ್‌ಚಾರ್ಜ್:
ಸಂಬಳದ ವಿಷಯ ತಪ್ಪು ಹೇಳುತ್ತಿದ್ದೀರಿ ಸರ್. ಆಸ್ಪತ್ರೆಯ ಡಾಕ್ಟರ ಸಂಬಳ ಆಡಳಿತ ಖರ್ಚಿಗೆ ಸೇರುವುದಿಲ್ಲ, ನಿಯಮದಲ್ಲೇ ಇದೆ. ಸೇರುವುದು ಆಫೀಸಿನವರದ್ದು. ನಮ್ಮಲ್ಲೂ ಇದೇ ನೆಪ ಹೇಳಿ ನರ್ಸ್‌ಗಳ ಇನ್‌ಕ್ರಿಮೆಂಟ್ ನಿಲ್ಲಿಸಿದ್ದರು. ನಾನೇ ನಿಯಮದ ಪ್ರತಿ ತೆಗೆದುಕೊಂಡು ಹೋಗಿ ತೋರಿಸಿದೆ.

ಇಷ್ಟು ಬರೆದಿರಿ, ನರ್ಸ್‌ಗಳ ಬಗ್ಗೆ ಒಬ್ಬರೂ ಒಂದು ಮಾತು ಹೇಳಲಿಲ್ಲ. ನನ್ನದು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ). ಸೇರಿದಾಗ 9 ಸಾವಿರ, ಈಗ 21. ಡಾಕ್ಟರು ಮಲಗಿದ ಮೇಲೆ ಇಪ್ಪತ್ತೆರಡು ರೋಗಿಗಳಿಗೆ ಇಬ್ಬರೇ ನರ್ಸ್. ಮೇಡಂ, ನೀವು ಹೋಗುವ ಕಡೆ ರಾತ್ರಿ ಪಾಳಿಯಲ್ಲಿ ಎಷ್ಟು ನರ್ಸ್ ಇದ್ದಾರೆ ಕೇಳಿ. ಸಂಬಳಕ್ಕಿಂತ ಅದು ಮುಖ್ಯ. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುವ ಆದಿವಾಸಿ ಮಕ್ಕಳು ನೋವಿನಿಂದ ಬರುತ್ತಾರೆ. ಅವರ ಪಕ್ಕ ಕೂರಲು ಒಂದು ಜೀವ ಬೇಕು.

ಟ್ರಸ್ಟ್ ಖಜಾಂಚಿ:
ಸರಿ ಸಿಸ್ಟರ್, ನಿಯಮ ನೀವು ಹೇಳಿದ ಹಾಗೇ ಇರಲಿ. ಆದರೆ ಅಕೌಂಟೆಂಟ್ ಇಲ್ಲದೆ ಆ ನಿಯಮ ಪಾಲಿಸೋದು ಯಾರು? ಮಿಷನ್‌ನವರಿಗೆ ಪ್ರಾರ್ಥನೆ ಮೈಕಿನಲ್ಲಿ ಕೇಳಿಸೋಕೆ ಸಿಬ್ಬಂದಿ ಸಿಗುತ್ತಾರೆ.

ವಾರ್ಡ್ ಇನ್‌ಚಾರ್ಜ್:
ಆ ಮಾತು ಬೇಡ ಸರ್. ಬೆಳಗ್ಗೆ ಐದು ನಿಮಿಷ ಪ್ರಾರ್ಥನೆ, ಬರಲೇಬೇಕು ಅಂತ ನನಗೆ ಯಾರೂ ಹೇಳಿಲ್ಲ. ನಾನು ಲಿಂಗಾಯತಳು, ಕೊರಳಲ್ಲಿ ಲಿಂಗ ಇದೆ. 2022ರಲ್ಲಿ ಮತಾಂತರ ತಡೆ ಕಾಯ್ದೆ ಬಂದಾಗ ಗೋಡೆ ಮೇಲಿನ ಬೈಬಲ್ ವಾಕ್ಯ ಅಳಿಸಿ ಅಂತ ಕೆಲವರು ಬಂದು ಕೂಗಾಡಿದರು. ಅವರಲ್ಲಿ ಒಬ್ಬರ ತಾಯಿ ನಮ್ಮ ವಾರ್ಡಿನಲ್ಲೇ ಇದ್ದರು. ಆವತ್ತೂ ಅವರ ಡ್ರೆಸ್ಸಿಂಗ್ ನಾನೇ ಮಾಡಿದೆ. ನಿಮ್ಮ ಮಠದ ಆಸ್ಪತ್ರೆಯಲ್ಲೂ ಗುರುಗಳ ಫೋಟೋ ಇರುತ್ತದೆ, ಅಲ್ವಾ? ರೋಗಿಗೆ ಯಾವುದೂ ಅಡ್ಡಿ ಆಗಬಾರದು.

ಗದಗದವ:
ನಮ್ಮ ಬೆಟಗೇರಿಯ ಮಿಷನ್ ಆಸ್ಪತ್ರೆಯನ್ನು ಈಗಲೂ ಜರ್ಮನ್ ದವಾಖಾನೆ ಅಂತಲೇ ಕರೆಯೋದು. ಅಜ್ಜನ ಕಾಲದಿಂದ ಹೋಗ್ತೀವಿ, ಯಾರೂ ಮತ ಬದಲಿಸಿಲ್ಲ. 20 ರೂಪಾಯಿ ಚೀಟಿ ಅಂದ್ರಲ್ಲ, ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಲ್ಲಿ 2001ರಿಂದ ಬಿಲ್ ಕೌಂಟರೇ ಇಲ್ಲ. ಅವರಿಗೆ ಆಗುತ್ತದೆ, ನಿಮಗೆ ಯಾಕೆ ಆಗಲ್ಲ?

ಟ್ರಸ್ಟ್ ಖಜಾಂಚಿ:
ಅವರಿಗೆ ದೇಶ ವಿದೇಶದ ಭಕ್ತರಿದ್ದಾರೆ. ನಮಗೆ ಇರೋದು ಜಾತ್ರೆಯ ಹುಂಡಿ ಮತ್ತು ಮೂರು ಹೋಬಳಿಯ ರೈತರು. ಬರಗಾಲದ ವರ್ಷ ಹುಂಡಿ ಅರ್ಧಕ್ಕಿಳಿಯುತ್ತದೆ, ರೋಗಿಗಳು ಎರಡು ಪಟ್ಟಾಗುತ್ತಾರೆ. ಆ ವರ್ಷ ಔಷಧಿ ಸಪ್ಲೈಯರಿಗೆ 4 ಲಕ್ಷ ಬಾಕಿ ಇಟ್ಟೆವು. 20 ರೂಪಾಯಿ ತೆಗೆದುಹಾಕಿ ಅನ್ನುವವರು ಆ ಬಾಕಿಯಲ್ಲಿ ಪಾಲು ತೆಗೆದುಕೊಳ್ಳಿ.

ಬಿಟ್ಟು ಬಂದ ಒಬಿಜಿ:
ಹೊಸ ಎಂಡಿ ಮೇಡಂ, ಇವರ ಜಗಳ ಬಿಡಿ. ಎರಡನೇ ಫಿಸಿಶಿಯನ್ ಯಾವಾಗ ಬರುತ್ತಾರೆ, ವಾರಕ್ಕೆ ಎಷ್ಟು ರಾತ್ರಿ ಕಾಲ್ ಡ್ಯೂಟಿ, ಇದನ್ನು ಸಭೆಯ ಪ್ರಾಂತ್ಯದ ಕಚೇರಿಯಿಂದ ಬರಹದಲ್ಲಿ ತೆಗೆದುಕೊಳ್ಳಿ. ಆಸ್ಪತ್ರೆಯ ಸಿಸ್ಟರ್ ಸಹಿ ಸಾಲದು, ಅವರು ವರ್ಗವಾಗುತ್ತಾರೆ.

ಮಲೆನಾಡು ಫಿಸಿಶಿಯನ್:
ಬರಹದ್ದು ನಾನೂ ಒಪ್ಪುತ್ತೇನೆ. ಮಗಳಿಗೆ ಶಾಲೆ ಸಾಮಾನ್ಯವಾಗಿ ಅದೇ ಸಭೆಯವರದ್ದೇ ಇರುತ್ತದೆ, ಸಿಬ್ಬಂದಿಯ ಮಕ್ಕಳಿಗೆ ಫೀಸು ಕಮ್ಮಿ. ಜೂನ್ ಒಳಗೆ ಸೀಟು ಕೇಳಿ. ಸೇರಿದ ದಿನವೇ ಎಮರ್ಜೆನ್ಸಿಯಲ್ಲಿ ಗಾಜಿನ ಟ್ಯೂಬು ಇದೆಯಾ ನೋಡಿ. ಇಲ್ಲದಿದ್ದರೆ ನಾನು ಒಂದು ಬಾಕ್ಸ್ ಕಳಿಸುತ್ತೇನೆ.