ಸಹಾಯ ಬೇಕು: ಸ್ಟೀರಿಂಗ್ ನೇರ ಇದ್ದಾಗ ಹಾರ್ನ್ ಬಡಿಯಲ್ಲ

ಹಳೇ ಕಾರ್ಬ್ಯುರೇಟರ್ ಕಾರು, ಏರ್‌ಬ್ಯಾಗ್ ಇಲ್ಲ. ಸ್ಟೀರಿಂಗ್ ಎಡಕ್ಕೆ ತಿರುಗಿಸಿ ಒತ್ತಿದರೆ ಮಾತ್ರ ಹಾರ್ನ್ ಬರುತ್ತೆ.

ಬ್ಯಾಟರಿಯಿಂದ ನೇರ ಕೊಟ್ಟರೆ ಹಾರ್ನ್ ಜೋರಾಗಿದೆ. ಫ್ಯೂಸ್ ಸರಿ. ರಿಲೇ (ಬಟನ್ ಒತ್ತಿದಾಗ ಹಾರ್ನ್‌ಗೆ ಕರೆಂಟ್ ಬಿಡುವ ಸ್ವಿಚ್) ತೆಗೆದು ಸಾಕೆಟ್‌ನ 30 ಮತ್ತು 87 ಪಿನ್ (ಹಾರ್ನ್‌ಗೆ ಕರೆಂಟ್ ಹೋಗುವ ದಾರಿ) ಜೋಡಿಸಿದರೂ ಬಡಿಯುತ್ತೆ. ರಿಲೇ ಹಾಕಿ 85ನೇ ಪಿನ್ನನ್ನು (ಬಟನ್‌ಗೆ ಹೋಗುವುದು) ಕಾರಿನ ಬಾಡಿಗೆ ಅರ್ಥ್ ಮಾಡಿದರೆ ಟಕ್ ಅಂತ ಎಳೆಯುತ್ತೆ. ಅಂದರೆ ತೊಂದರೆ ಬಟನ್ ಕಡೆಯದ್ದೇ.

ರಿಲೇ ತೆಗೆದು ಬಟನ್ ಒತ್ತಿದಾಗ 85ರಿಂದ ಬಾಡಿಗೆ ಸುಮಾರು 50 ಓಮ್, ಎಡಕ್ಕೆ ತಿರುಗಿಸಿದರೆ 1 ಓಮ್. ರಿಲೇ ಒಳಗಿನ ಕಾಯಿಲ್ 80 ಓಮ್. ಹಾಗಾಗಿ ಬ್ಯಾಟರಿಯ 12 ವೋಲ್ಟ್‌ನಲ್ಲಿ ಅದಕ್ಕೆ 8 ವೋಲ್ಟ್ ಕೂಡ ಸಿಗ್ತಿಲ್ಲ, ಎಳೆಯದೇ ಇರೋದು ಸಹಜ. ಸ್ಲಿಪ್ ರಿಂಗನ್ನು (ಸ್ಟೀರಿಂಗ್ ತಿರುಗಿದರೂ ಬಟನ್ ಸಂಪರ್ಕ ಉಳಿಸುವ ಲೋಹದ ಉಂಗುರ) ಸಣ್ಣ ಎಮರಿ ಕಾಗದದಿಂದ ಉಜ್ಜಿದ್ದಾಗಿದೆ, ಬದಲಾವಣೆ ಇಲ್ಲ. (ಹೊಸ ಹಾರ್ನ್ ಹಾಕಿಸಿ ಅನ್ನೋ ಸಲಹೆ ದಯವಿಟ್ಟು ಬೇಡ.)

ಸ್ಟೀರಿಂಗ್ ಶಾಫ್ಟ್‌ನ ರಬ್ಬರ್ ಕಪ್ಲಿಂಗ್ ಮೇಲೆ, ರಬ್ಬರ್ ದಾಟಿ ಶಾಫ್ಟ್‌ಗೆ ಅರ್ಥ್ ಕೊಡುವ ಪಟ್ಟಿ ಕಾಣ್ತಿಲ್ಲ. ಅದೇ ಕಾರಣವೇ, ಇಲ್ಲಾ ಸ್ಲಿಪ್ ರಿಂಗಿಗೆ ಒತ್ತಿಕೊಂಡಿರುವ ಸ್ಪ್ರಿಂಗ್ ಬ್ರಷ್ ಸವೆದಿದೆಯೇ? ಬ್ರಷ್ ಮಾತ್ರ ಬಿಡಿಯಾಗಿ ಸಿಗುತ್ತಾ?