ಶಿಕ್ಷಕ ವೃತ್ತಿಯ ಜೊತೆಗೆ ಆನ್‌ಲೈನ್‌ನಲ್ಲಿ ಶೈಕ್ಷಣಿಕ ಮನೋವಿಜ್ಞಾನ ಸ್ನಾತಕೋತ್ತರ ಪದವಿ: ತಿಳಿದವರು ಹೇಳಿ

ಪ್ರಶ್ನೆ:
ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಕೆಲಸ ಬಿಡದೆ ಶೈಕ್ಷಣಿಕ ಮನೋವಿಜ್ಞಾನದಲ್ಲಿ ಆನ್‌ಲೈನ್ ಮಾಸ್ಟರ್ಸ್ ಮಾಡಬೇಕೆಂದಿದ್ದೇನೆ. ಮೂರು ಅನುಮಾನಗಳಿವೆ. ವಾರಕ್ಕೆ ನಿಜವಾಗಿ ಎಷ್ಟು ಗಂಟೆ ಬೇಕು? ಈ ಪದವಿಯಿಂದ ಶಾಲಾ ಮನಶ್ಶಾಸ್ತ್ರಜ್ಞೆ ಆಗಬಹುದೇ? ಡಿಸರ್ಟೇಶನ್‌ಗೆ ನನ್ನದೇ ತರಗತಿಯ ಮಕ್ಕಳನ್ನು ತೆಗೆದುಕೊಳ್ಳಬಹುದೇ? ಮುಗಿಸಿದವರು, ಈ ಕೋರ್ಸಿನಲ್ಲಿ ಪಾಠ ಮಾಡುವವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಕೋರ್ಸ್ ಸಂಯೋಜಕಿ:
ಮೇಡಂ, ಜಾಹೀರಾತಿನಲ್ಲಿ ಬರುವ ಗಂಟೆಗಳನ್ನು ನಂಬಬೇಡಿ, ಕ್ರೆಡಿಟ್ಟಿನಿಂದ ನೀವೇ ಲೆಕ್ಕ ಹಾಕಿ. ಬ್ರಿಟನ್ನಿನಲ್ಲಿ ಮಾಸ್ಟರ್ಸ್ ಎಂದರೆ 180 ಕ್ರೆಡಿಟ್. ಒಂದು ಕ್ರೆಡಿಟ್ಟಿಗೆ 10 ಗಂಟೆ ಕಲಿಕೆ, ಒಟ್ಟು 1800 ಗಂಟೆ. ವರ್ಷಕ್ಕೆ 45 ವಾರ ಓದುತ್ತೀರಿ ಎಂದಿಟ್ಟುಕೊಂಡರೂ ಎರಡು ವರ್ಷದಲ್ಲಿ ಮುಗಿಸಲು ವಾರಕ್ಕೆ 20 ಗಂಟೆ ಬೇಕು. ಮೂರು ವರ್ಷಕ್ಕೆ ಹರಡಿದರೆ 13ರ ಆಸುಪಾಸು. ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ 25ರಿಂದ 30 ಗಂಟೆ. ಅಮೆರಿಕದಲ್ಲಿ ಸಾಮಾನ್ಯವಾಗಿ 30ರಿಂದ 36 ಕ್ರೆಡಿಟ್ ಇರುತ್ತದೆ, ಅಂದರೆ 3 ಕ್ರೆಡಿಟ್ಟಿನ ಹತ್ತು ಹನ್ನೆರಡು ಕೋರ್ಸು. ಅಂಥ ಒಂದು ಕೋರ್ಸಿಗೆ ಪಾಠ, ಓದು, ಬರಹ ಎಲ್ಲ ಸೇರಿ ಸುಮಾರು 135 ಗಂಟೆ ಹಿಡಿಯುತ್ತದೆ.

ಎಡವುವುದು ಇಲ್ಲಿಯೇ. 135 ಗಂಟೆಯನ್ನು 15 ವಾರದ ಸೆಮಿಸ್ಟರಿಗೆ ಹಂಚಿದರೆ ವಾರಕ್ಕೆ 9 ಗಂಟೆ. ಎಷ್ಟೋ ಆನ್‌ಲೈನ್ ಕೋರ್ಸುಗಳು 7 ಅಥವಾ 8 ವಾರದ ಟರ್ಮಿನಲ್ಲಿ ನಡೆಯುತ್ತವೆ. ಆಗ ಅದೇ ಕೋರ್ಸಿಗೆ ವಾರಕ್ಕೆ 17ರಿಂದ 19 ಗಂಟೆ. "ಒಂದು ಸಲಕ್ಕೆ ಒಂದೇ ಕೋರ್ಸು, ಉದ್ಯೋಗಸ್ಥರಿಗೆ ಅನುಕೂಲ" ಎಂದು ಹೇಳುವಾಗ ಈ ಭಾಗಾಕಾರವನ್ನು ಯಾರೂ ಬಾಯಿ ಬಿಡುವುದಿಲ್ಲ. ಉತ್ತರ ಪತ್ರಿಕೆ ತಿದ್ದುವ ಒಂದು ವಾರ ಕೈಬಿಟ್ಟರೆ ಎಂಟರಲ್ಲಿ ಒಂದು ಭಾಗ ಕೋರ್ಸೇ ಹೋಯಿತು. ಆದ್ದರಿಂದ ಫೀಸು ಕಟ್ಟುವ ಮೊದಲು ಎರಡು ವರ್ಷದ ಟರ್ಮ್ ದಿನಾಂಕಗಳನ್ನು ತರಿಸಿಕೊಂಡು ನಿಮ್ಮ ಶಾಲೆಯ ಪರೀಕ್ಷೆ, ಮೌಲ್ಯಮಾಪನ, ವಾರ್ಷಿಕೋತ್ಸವದ ದಿನಾಂಕಗಳ ಪಕ್ಕದಲ್ಲಿಟ್ಟು ನೋಡಿ. ಸಂಖ್ಯಾಶಾಸ್ತ್ರದ ಕೋರ್ಸು ಮಾತ್ರ ವಾರ್ಷಿಕ ಪರೀಕ್ಷೆಯ ಟರ್ಮಿಗೆ ಬರದಂತೆ ನೋಡಿಕೊಳ್ಳಿ. ಉಳಿದ ವಿಷಯಗಳಲ್ಲಿ ಒಂದು ವಾರ ಹಿಂದೆ ಬಿದ್ದರೆ ಓದಿ ಸರಿದೂಗಿಸಬಹುದು. ಸಂಖ್ಯಾಶಾಸ್ತ್ರದಲ್ಲಿ ಮೂರನೇ ವಾರ ಬಿಟ್ಟವರಿಗೆ ನಾಲ್ಕನೆಯದು ತಲೆಗೆ ಹತ್ತುವುದಿಲ್ಲ.

ಪ್ರವೇಶ ವಿಭಾಗವನ್ನು ಇ-ಮೇಲಿನಲ್ಲೇ ಕೇಳಿ, ಉತ್ತರ ಬರಹದಲ್ಲಿ ಇರಲಿ. ಲೈವ್ ತರಗತಿ ಕಡ್ಡಾಯವೇ, ಯಾವ ದೇಶದ ಸಮಯಕ್ಕೆ? ಅಮೆರಿಕ, ಯುರೋಪಿನಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಸರಿಯುತ್ತದೆ, ಆ ಪದ್ಧತಿಯಿಲ್ಲದ ಕಡೆ ಕೂತವರಿಗೆ ಮಧ್ಯದಲ್ಲೇ ತರಗತಿಯ ಸಮಯ ಬದಲಾಗುತ್ತದೆ. ಒಂದು ಟರ್ಮ್ ಬಿಟ್ಟು ಮತ್ತೆ ಸೇರಬಹುದೇ, ಪದವಿ ಮುಗಿಸಲು ಗರಿಷ್ಠ ಎಷ್ಟು ವರ್ಷ, ತಡವಾದ ಅಸೈನ್‌ಮೆಂಟಿಗೆ ದಿನಕ್ಕೆ ಎಷ್ಟು ಅಂಕ ಕಡಿತ?

ಶಾಲಾ ಮನಶ್ಶಾಸ್ತ್ರಜ್ಞ:
ಎರಡನೇ ಪ್ರಶ್ನೆಗೆ ನೇರ ಉತ್ತರ: ಈ ಪದವಿಯೊಂದರಿಂದಲೇ ಆಗುವುದಿಲ್ಲ. ಕಲಿಕೆ, ಪ್ರೇರಣೆ, ಮಾಪನಗಳ ಬಗ್ಗೆ ಸಂಶೋಧನೆ ಮಾಡುವುದು ಶೈಕ್ಷಣಿಕ ಮನೋವಿಜ್ಞಾನ. ಮಕ್ಕಳನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿ ವರದಿ ಬರೆಯುವುದು ಬೇರೆಯದೇ ಪರವಾನಗಿಯ ಕೆಲಸ. ಅಮೆರಿಕದಲ್ಲಿ ಶಾಲಾ ಮನಶ್ಶಾಸ್ತ್ರಜ್ಞರ ರಾಷ್ಟ್ರೀಯ ಸಂಘದ ಮಾನದಂಡ ಸ್ಪೆಷಲಿಸ್ಟ್ ಮಟ್ಟದ್ದು: ಕನಿಷ್ಠ 60 ಸೆಮಿಸ್ಟರ್ ಕ್ರೆಡಿಟ್, 1200 ಗಂಟೆ ಇಂಟರ್ನ್‌ಶಿಪ್, ಅದರಲ್ಲಿ 600 ಗಂಟೆ ಶಾಲೆಯಲ್ಲೇ. 30 ಕ್ರೆಡಿಟ್ಟಿನ ಮಾಸ್ಟರ್ಸ್ ಅದರ ಅರ್ಧ ಮಾತ್ರ, ಇಂಟರ್ನ್‌ಶಿಪ್ಪಂತೂ ಇಲ್ಲವೇ ಇಲ್ಲ. ಇಂಗ್ಲೆಂಡಿನಲ್ಲಿ "ಎಜುಕೇಶನಲ್ ಸೈಕಾಲಜಿಸ್ಟ್" ಕಾನೂನಿನ ರಕ್ಷಣೆಯಿರುವ ಹುದ್ದೆನಾಮ. ಆರೋಗ್ಯ ವೃತ್ತಿಗಳ ನಿಯಂತ್ರಕ ಸಂಸ್ಥೆಯಾದ ಎಚ್‌ಸಿಪಿಸಿಯಲ್ಲಿ ನೋಂದಣಿ ಬೇಕು, ಅದರ ದಾರಿ ಮೂರು ವರ್ಷದ ಡಾಕ್ಟರೇಟ್. ಅಲ್ಲಿಗೆ ಹೋಗುವ ಗುರಿಯಿದ್ದು ಮೊದಲ ಪದವಿ ಮನಶ್ಶಾಸ್ತ್ರದ್ದಲ್ಲದಿದ್ದರೆ, ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿ ಮಾನ್ಯ ಮಾಡಿದ ಕನ್ವರ್ಶನ್ ಕೋರ್ಸನ್ನೇ (ಬೇರೆ ವಿಷಯ ಓದಿದವರನ್ನು ಮನಶ್ಶಾಸ್ತ್ರಕ್ಕೆ ತರುವ ಕೋರ್ಸು) ಆರಿಸಿ. ಎರಡಕ್ಕೂ ಹೆಸರು ಒಂದೇ ಥರ ಇರಬಹುದು; ಮಾನ್ಯತೆ ಇಲ್ಲದ್ದು ಆ ದಾರಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಭಾರತದ ವಿಶ್ವವಿದ್ಯಾಲಯಗಳನ್ನು ನೋಡುತ್ತಿದ್ದರೆ ಇನ್ನೊಂದು ಮಾತು. 2021ರ ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯಡಿ ಬರುವ ವಿಷಯಗಳನ್ನು, ಮನಶ್ಶಾಸ್ತ್ರವನ್ನೂ ಸೇರಿಸಿ, 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಆನ್‌ಲೈನ್ ಮತ್ತು ದೂರಶಿಕ್ಷಣದಲ್ಲಿ ಕೊಡಬಾರದೆಂದು ಯುಜಿಸಿ ಸೂಚಿಸಿದೆ. ಹಳೆಯ ಬ್ರೋಷರ್ ನೋಡಿ ದುಡ್ಡು ಕಟ್ಟಬೇಡಿ. ಪದವಿಯ ಹೆಸರು ಶಿಕ್ಷಣದ್ದೋ ಮನಶ್ಶಾಸ್ತ್ರದ್ದೋ, ಆ ವರ್ಷದ ಮಾನ್ಯತೆ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂದು ಮೊದಲು ನೋಡಿ.

ಹಾಗೆಂದು ಪದವಿ ದಂಡವಲ್ಲ. ಪ್ರಶ್ನೆಪತ್ರಿಕೆ ವಿನ್ಯಾಸ, ಶಿಕ್ಷಕರ ತರಬೇತಿ, ಪಠ್ಯಕ್ರಮ, ಕಾರ್ಯಕ್ರಮಗಳ ಮೌಲ್ಯಮಾಪನ, ಮುಂದೆ ಪಿಎಚ್.ಡಿ., ಇವಕ್ಕೆಲ್ಲ ಚೆನ್ನಾಗಿ ಒದಗುತ್ತದೆ. ಆದರೆ ಪದವಿ ಬಂತೆಂದು ಮಕ್ಕಳ ಐಕ್ಯೂ ಅಳೆಯಲು ಹೋಗಬೇಡಿ. ವೆಕ್ಸ್ಲರ್ ಮಕ್ಕಳ ಪರೀಕ್ಷೆಯನ್ನು ಪ್ರಕಾಶಕರು ಅತಿ ಹೆಚ್ಚಿನ ಅರ್ಹತೆ ಬೇಡುವ ಸಿ ದರ್ಜೆಯಲ್ಲಿ ಇಟ್ಟಿದ್ದಾರೆ, ಅದಕ್ಕೆ ಮೇಲ್ವಿಚಾರಣೆಯಲ್ಲಿ ಪಡೆದ ತರಬೇತಿ ಬೇಕು.

ಸಂಶೋಧನಾ ವಿಧಾನ ಕಲಿಸುವವರು:
ನಿಮ್ಮ ಮಕ್ಕಳನ್ನೇ ತೆಗೆದುಕೊಳ್ಳಬಹುದು, ಆದರೆ ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿ ಕೇಳುವ ಮೊದಲ ಪ್ರಶ್ನೆಯೇ "ಮೇಷ್ಟ್ರಿಗೆ ಬೇಡ ಎನ್ನಲು ಮಗುವಿಗೆ ಧೈರ್ಯ ಬರುತ್ತದೆಯೇ?" ಎನ್ನುವುದು. ಅಂಕ ಕೊಡುವ ಕೈಯೇ ಒಪ್ಪಿಗೆ ಪತ್ರ ಚಾಚಿದರೆ ಅದು ಒಪ್ಪಿಗೆಯಲ್ಲ. ನಡೆಯುವ ವ್ಯವಸ್ಥೆ ಇದು: ಪೋಷಕರ ಲಿಖಿತ ಒಪ್ಪಿಗೆ, ಮಗುವಿನ ಸಮ್ಮತಿ, ಮುಖ್ಯೋಪಾಧ್ಯಾಯರ ಅನುಮತಿ, ಮೂರೂ ಬೇಕು. ಪತ್ರ ಹಂಚಿ ವಾಪಸ್ ಪಡೆಯುವುದು ಬೇರೊಬ್ಬ ಶಿಕ್ಷಕರು. ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂಬ ಪಟ್ಟಿ ಆ ಅವಧಿಯ ಅಂಕ ನಮೂದಾಗುವವರೆಗೂ ನಿಮ್ಮ ಕೈಗೆ ಬರಬಾರದು. ಪಾಠ, ಚಟುವಟಿಕೆ ಎಲ್ಲರಿಗೂ ಒಂದೇ. ಒಪ್ಪದ ಮಕ್ಕಳ ಅಂಕಗಳನ್ನು ವಿಶ್ಲೇಷಣೆಯಿಂದ ಬಿಟ್ಟರಾಯಿತು. ಹೆಸರಿನ ಬದಲು ಸಂಖ್ಯೆ, ಆ ಸಂಖ್ಯೆಯ ಕೀಲಿ ಬೇರೆ ಫೈಲಿನಲ್ಲಿ.

ಅನುಮತಿ ಬರುವ ಮೊದಲು ಸಂಗ್ರಹಿಸಿದ ದತ್ತಾಂಶವನ್ನು ಆಮೇಲೆ ಒಳಗೆ ಸೇರಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಕಮಿಟಿ ತಿದ್ದುಪಡಿ ಕೇಳಿ ವಾಪಸ್ ಕಳಿಸುವುದು ಮಾಮೂಲು. ಆ ತಿಂಗಳುಗಳನ್ನು ಲೆಕ್ಕಕ್ಕೆ ಹಿಡಿಯದವರ ಕೈಗೆ ಅನುಮತಿ ಬರುವ ಹೊತ್ತಿಗೆ ಶಾಲೆಗೆ ರಜೆ ಬಿಟ್ಟಿರುತ್ತದೆ. ಬೋಧನೆಯ ಯಾವ ವಾರಗಳಲ್ಲಿ ದತ್ತಾಂಶ ಬೇಕು ಎಂಬುದನ್ನು ಮೊದಲು ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಅರ್ಜಿ ಹಾಕಿ.

ಪ್ರಶ್ನೆ ಕೇಳಿದವರು:
ನನಗೆ ಒಂಬತ್ತನೇ ತರಗತಿಯ ಎರಡು ಸೆಕ್ಷನ್ ಇವೆ, ತಲಾ 40 ಮಕ್ಕಳು. ಒಂದಕ್ಕೆ ಹೊಸ ವಿಧಾನ, ಇನ್ನೊಂದಕ್ಕೆ ಹಳೆಯದು ಎಂದು ಹೋಲಿಸಿದರೆ ಸಾಕಲ್ಲವೇ?

ಸಂಶೋಧನಾ ವಿಧಾನ ಕಲಿಸುವವರು:
ಸಾಲದು. ಎಲ್ಲರೂ ಮೊದಲು ಹಾಕುವ ಯೋಜನೆಯೂ ಇದೇ. ಮಧ್ಯಮ ಗಾತ್ರದ ಪರಿಣಾಮ, ಅಂದರೆ ಕೋಹೆನ್‌ರ ಡಿ (ಎರಡು ಗುಂಪಿನ ಸರಾಸರಿಗಳ ಅಂತರವನ್ನು ಪ್ರಮಾಣ ವಿಚಲನೆಯಿಂದ ಭಾಗಿಸಿದ್ದು) 0.5, ಇದ್ದರೆ ಅದನ್ನು 80 ಶೇಕಡಾ ಸಂಭವನೀಯತೆಯಲ್ಲಿ ಹಿಡಿಯಲು ಗುಂಪಿಗೆ 64 ಮಕ್ಕಳು ಬೇಕು. ತಲಾ 40 ಇದ್ದಾಗ 0.63ರಷ್ಟು ದೊಡ್ಡ ವ್ಯತ್ಯಾಸ ಮಾತ್ರ ಆ ಭರವಸೆಯಿಂದ ಸಿಗುತ್ತದೆ. ಕೆಲವೇ ವಾರಗಳ ತರಗತಿ ಪ್ರಯೋಗದಲ್ಲಿ ಅಷ್ಟನ್ನು ನಿರೀಕ್ಷಿಸುವುದು ದುರಾಸೆ. ಜಿ-ಪವರ್ ಎಂಬ ಉಚಿತ ತಂತ್ರಾಂಶದಲ್ಲಿ ಈ ಲೆಕ್ಕ ಒಂದು ನಿಮಿಷದ ಕೆಲಸ. ಇನ್ನೂ ದೊಡ್ಡ ತೊಡಕು ಬೇರೆ. ಒಂದು ಸೆಕ್ಷನ್‌ಗೆ ಬೆಳಗಿನ ಮೊದಲ ಪೀರಿಯಡ್, ಇನ್ನೊಂದಕ್ಕೆ ಊಟದ ನಂತರದ್ದು ಎಂದಾದರೆ ವ್ಯತ್ಯಾಸ ವಿಧಾನದ್ದೋ ಹೊತ್ತಿನದ್ದೋ ಹೇಳಲಾಗದು. ಮಕ್ಕಳು 80 ಜನರಿದ್ದರೂ ವಿಧಾನ ಹಂಚಿಕೆಯಾದದ್ದು ಎರಡೇ ಗುಂಪಿಗೆ.

ಬದಲಿಗೆ ಅದಲುಬದಲು ಮಾಡಿ. ಉದಾಹರಣೆಗೆ ನೆನಪಿನಿಂದ ಬರೆಸುವ ಕಿರುಪರೀಕ್ಷೆ, ಮರು ಓದು ಇವೆರಡನ್ನು ಹೋಲಿಸುತ್ತೀರಿ ಎನ್ನಿ. ಮೊದಲ ಘಟಕಕ್ಕೆ ಎ ಸೆಕ್ಷನ್‌ಗೆ 10 ನಿಮಿಷ ಕಿರುಪರೀಕ್ಷೆ, ಬಿ ಸೆಕ್ಷನ್‌ಗೆ 10 ನಿಮಿಷ ಮರು ಓದು. ಎರಡನೇ ಘಟಕಕ್ಕೆ ಇದು ತಿರುಗುಮುರುಗು. ಪ್ರತಿ ಮಗುವೂ ತನ್ನ ಜೊತೆಗೇ ಹೋಲಿಕೆಯಾಗುತ್ತದೆ, ಆದ್ದರಿಂದ ಅಷ್ಟೇ ಗಾತ್ರದ ಜೋಡಿ ವ್ಯತ್ಯಾಸಕ್ಕೆ ಒಟ್ಟು 34 ಮಕ್ಕಳು ಸಾಕು. ಒಪ್ಪಿಗೆ ಸಿಗದವರು, ಗೈರಾದವರು ಕಳೆದರೂ ನಿಮ್ಮ 80ರಲ್ಲಿ ಅಷ್ಟು ಉಳಿಯುತ್ತದೆ.

ಅಂತಿಮ ಪರೀಕ್ಷೆ ಅದೇ ದಿನ ಬೇಡ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 5 ನಿಮಿಷದ ನಂತರ ಮರು ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಪರೀಕ್ಷೆ ಬರೆದವರು ಮುಂದಾದರು. ಅದೇ ದಿನ ಅಳೆದರೆ ವಿಧಾನ ಸರಿಯಿದ್ದೂ ಫಲಿತಾಂಶ ಉಲ್ಟಾ ಬರಬಹುದು. ಹಾಗೆಯೇ ಪ್ರಶ್ನೆಪತ್ರಿಕೆಯನ್ನು ಬೇರೆ ತರಗತಿಯಲ್ಲಿ ಒಮ್ಮೆ ಕೊಟ್ಟು ನೋಡಿ. ಅರ್ಧಕ್ಕರ್ಧ ಮಕ್ಕಳು 20ಕ್ಕೆ 18 ದಾಟಿದರೆ ಪತ್ರಿಕೆ ಸುಲಭವಾಯಿತು, ವ್ಯತ್ಯಾಸ ಕಾಣಲು ಜಾಗವೇ ಉಳಿಯುವುದಿಲ್ಲ.

ಪ್ರಶ್ನಾವಳಿ ಬಳಸುವವರಿಗೂ ಒಂದು ಮಾತು: ಇಂಗ್ಲಿಷ್ ಮಾಪನವನ್ನು ಕನ್ನಡಕ್ಕೆ ತಂದರೆ, ಮೂಲ ನೋಡದ ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ ಹೋಲಿಸಬೇಕು. ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಹೇಳುವ ಕ್ರಾನ್‌ಬ್ಯಾಕ್ ಆಲ್ಫಾ 0.3, 0.4 ಎಂದು ಕಡಿಮೆ ಬಂದರೆ ಗಾಬರಿಯಾಗುವ ಮೊದಲು ನಕಾರಾತ್ಮಕ ವಾಕ್ಯಗಳ ಅಂಕ ತಿರುಗಿಸಿದ್ದೀರಾ ನೋಡಿ. ಬಹಳ ಸಲ ಕಾರಣ ಅಷ್ಟೇ ಆಗಿರುತ್ತದೆ.

ಅಸೈನ್‌ಮೆಂಟ್ ಮೌಲ್ಯಮಾಪಕಿ:
ಶಿಕ್ಷಕರು ಅಂಕ ಕಳೆದುಕೊಳ್ಳುವುದು ಗೊತ್ತಿಲ್ಲದೆ ಅಲ್ಲ, ಗೊತ್ತಿರುವುದನ್ನೇ ಬರೆಯುತ್ತಾ ಹೋಗುವುದರಿಂದ. "ನನ್ನ ತರಗತಿಯಲ್ಲಿ ಗುಂಪು ಚಟುವಟಿಕೆ ಚೆನ್ನಾಗಿ ನಡೆಯುತ್ತದೆ" ಎಂಬ ವಾಕ್ಯಕ್ಕೆ ಅಂಕವಿಲ್ಲ. ಪ್ರೇರಣೆಯ ಸ್ವನಿರ್ಧಾರ ಸಿದ್ಧಾಂತದಲ್ಲಿ ಡೆಸಿ ಮತ್ತು ರಯಾನ್ ಹೇಳುವ ಸ್ವಾಯತ್ತತೆ, ಸಾಮರ್ಥ್ಯ, ಸಂಬಂಧ ಈ ಮೂರರಲ್ಲಿ ಅಲ್ಲಿ ಯಾವುದು ಪೂರೈಕೆಯಾಯಿತು, ಯಾವುದು ಆಗಲಿಲ್ಲ, ಬೇರೆ ಸಿದ್ಧಾಂತ ಅದನ್ನೇ ಹೇಗೆ ವಿವರಿಸುತ್ತದೆ ಎಂದು ಬರೆದಾಗ ಅಂಕ ಬರುತ್ತದೆ. ತರಗತಿಯ ವಿವರ ಎರಡು ಸಾಲು, ವಿಶ್ಲೇಷಣೆ ಇಪ್ಪತ್ತು ಸಾಲು, ಆ ಪ್ರಮಾಣ ಸಾಕು. ಮತ್ತೆ, ದಯವಿಟ್ಟು "ನೋಡಿ ಕಲಿಯುವವರು, ಕೇಳಿ ಕಲಿಯುವವರು" ಎಂಬ ವಿಂಗಡಣೆಯನ್ನು ಸತ್ಯವೆಂಬಂತೆ ಬರೆಯಬೇಡಿ. ಪ್ಯಾಶ್ಲರ್ ಮತ್ತಿತರರ 2008ರ ವಿಮರ್ಶೆಗೆ ಆ ಪ್ರಕಾರ ಪಾಠ ಹೊಂದಿಸಿದರೆ ಲಾಭ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ತರಬೇತಿಗಳಲ್ಲಿ ಅದನ್ನು ಕೇಳಿಸಿಕೊಂಡೇ ಬಂದವರಿಗೆ ಬಿಡುವುದು ಕಷ್ಟ, ಗೊತ್ತು.

ಸಂಶೋಧನಾ ಪ್ರಬಂಧ ಓದುವಾಗ ಸಾರಾಂಶ, ಪೀಠಿಕೆಯ ಕೊನೆಯ ಪ್ಯಾರಾ, ವಿಧಾನ, ಕೋಷ್ಟಕಗಳು, ಈ ಕ್ರಮ ಹಿಡಿಯಿರಿ. ಚರ್ಚೆಯ ಭಾಗ ಕೊನೆಗೆ. ಉಲ್ಲೇಖಗಳಿಗೆ ಮೊದಲ ವಾರದಿಂದಲೇ ಜೊಟೆರೊ ಎಂಬ ತಂತ್ರಾಂಶ ಬಳಸಿ, ಅದರಲ್ಲಿ ಎಪಿಎ ಉಲ್ಲೇಖ ಶೈಲಿಯ 7ನೇ ಆವೃತ್ತಿ ಆರಿಸಿ. ಶಿಕ್ಷಣದ ಸಂಶೋಧನೆ ಹುಡುಕಲು ಎರಿಕ್ ದತ್ತಸಂಚಯ ಉಚಿತ.

ಇತ್ತೀಚೆಗೆ ಕೋರ್ಸ್ ಮುಗಿಸಿದ ಶಿಕ್ಷಕ:
ಸಂಯೋಜಕಿ ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಒಂದೊಂದೇ ಕೋರ್ಸು ಯಾವಾಗಲೂ ಹಗುರವಲ್ಲ. 15 ವಾರದ ಟರ್ಮ್ ಇರುವ ಕಡೆ ಸಂಶೋಧನಾ ವಿಧಾನ ಮತ್ತು ಮಾಪನ ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಅರ್ಧ ಓದು ಎರಡಕ್ಕೂ ಒದಗುತ್ತದೆ. ಆದರೆ ವಾರಕ್ಕೆ 18 ಗಂಟೆ ಸಿಗುವವರಿಗೆ ಮಾತ್ರ.

ಸಂಖ್ಯಾಶಾಸ್ತ್ರಕ್ಕೆ ಸೇರುವ ಮೊದಲೇ ಜಮೋವಿ ಅಥವಾ ಜಾಸ್ಪ್ ಹಾಕಿಕೊಳ್ಳಿ, ಎರಡೂ ಉಚಿತ ಸಂಖ್ಯಾಶಾಸ್ತ್ರ ತಂತ್ರಾಂಶಗಳು. ನಿಮ್ಮ ಹಳೆಯ ಅಂಕಪಟ್ಟಿಯನ್ನು, ಹೆಸರು ತೆಗೆದು, ಅದರಲ್ಲಿ ಹಾಕಿ ಸರಾಸರಿ, ಪ್ರಮಾಣ ವಿಚಲನೆ, ಸಹಸಂಬಂಧ, ಟಿ-ಪರೀಕ್ಷೆ ಮಾಡಿ ನೋಡಿ. ಗಣಿತದವರಿಗೆ ಸೂತ್ರ ಕಷ್ಟವಾಗುವುದಿಲ್ಲ, ಪಿ-ಮೌಲ್ಯ (ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಹೆಚ್ಚು ಅಂತರ ಆಕಸ್ಮಿಕವಾಗಿ ಕಾಣುವ ಸಂಭವ) 0.05ಕ್ಕಿಂತ ಕಡಿಮೆ ಬಂದಾಗ ಏನು ಹೇಳಬಹುದು, ಏನು ಹೇಳಬಾರದು ಎಂಬಲ್ಲಿ ತಡವರಿಸುತ್ತಾರೆ.

ಕೆಲಸ ಮಾಡುವ ಸಂಸ್ಥೆಯ ಲಿಖಿತ ಅನುಮತಿಯನ್ನು ಪ್ರವೇಶಕ್ಕಿಂತ ಮೊದಲೇ ಪಡೆಯಿರಿ. ಪರೀಕ್ಷೆಗೆ ರಜೆ, ಬಡ್ತಿಗೆ ಪದವಿ ಪರಿಗಣನೆ, ಶಾಲೆಯಲ್ಲೇ ಪ್ರಾಯೋಗಿಕ ಗಂಟೆಗಳು, ಈ ಮೂರನ್ನೂ ಆ ಪತ್ರದಲ್ಲೇ ಬರೆಸಿಕೊಳ್ಳಿ. ಪ್ರಾಯೋಗಿಕ ಗಂಟೆಗಳು ನಿಮ್ಮ ಪಾಠದ ಪೀರಿಯಡ್‌ಗಳ ಹೊರಗೆ ಆಗಬೇಕೆಂಬ ಷರತ್ತು ಕೆಲವು ಕೋರ್ಸುಗಳಲ್ಲಿದೆ, ಅದನ್ನು ಕೈಪಿಡಿಯಲ್ಲಿ ಹುಡುಕಿ ನೋಡಿ ಆಮೇಲೆ ಮುಖ್ಯೋಪಾಧ್ಯಾಯರ ಹತ್ತಿರ ಹೋಗಿ.